ಒಂದು ಬೊಟ್ಟಿನ ಸೀರೆ

ಒಂದಾನೊಂದು ಊರು. ಊರಾಚೆ ಒಂದು ಹಾಳು ಬಾವಿ, ಬಾವಿ ಪಕ್ಕ ಎಕ್ಕದ ಗಿಡ. ಆ ಗಿಡದಲ್ಲಿ ಕೆಂಚವ್ವ ಅನ್ನೋ ಚಿಟ್ಟೆ ಇದ್ದಳಂತೆ. ಎಕ್ಕದೆಲೆ ತಿಂದು ಬೆಳೆದವಳು, ಮೈಯೆಲ್ಲ ಕಹಿ. ಉಟ್ಟಿದ್ದು ಕಿತ್ತಳೆ ಸೀರೆ, ಕಪ್ಪು ಅಂಚು, ಕೆಳರೆಕ್ಕೆಯಲ್ಲಿ ಮೂರು ಕರಿ ಬೊಟ್ಟು. ಆ ಸೀರೆ ಕಂಡರೆ ಸಾಕು, ಹಕ್ಕಿಗಳು ಮುಖ ತಿರುಗಿಸ್ತಿದ್ದವಂತೆ.

ಅವಳಿಗೊಬ್ಬಳು ಗೆಳತಿ, ನೀಲವ್ವ. ಗೋಣಿಸೊಪ್ಪು ತಿಂದು ಬೆಳೆದವಳು, ಮೈ ಸಿಹಿ. ಅವಳ ಕುಲದಲ್ಲಿ ಹಕ್ಕಿ ಬಾಯಿಗೆ ಬೀಳದೆ ಉಳಿದವರೇ ಕಡಿಮೆ. ಬಸುರಿಯಾದ ನೀಲವ್ವ ಒಂದು ದಿನ ಕೆಂಚವ್ವನ ಹತ್ತಿರ ಬಂದು ಕೂತಳು.

"ಅಕ್ಕ, ಮೊಟ್ಟೆ ಇಡೋವರೆಗಾದರೂ ನಾನು ಉಳೀಬೇಕು. ನಿನ್ನಂಥದ್ದೇ ಒಂದು ಸೀರೆ ಕೊಡ್ತೀಯಾ?"

ಕೆಂಚವ್ವ ಆಗಲಿ ಅಂದಳು. ಅದೇ ಬಣ್ಣ ಅದ್ದಿದಳು, ಅದೇ ಅಂಚು ಎಳೆದಳು. ಬೊಟ್ಟು ಇಡೋ ಹೊತ್ತಿಗೆ ಮಾತ್ರ ಕೈ ತಡೀತು. ಎಲ್ಲಾ ತನ್ನ ಹಾಗೇ ಆಗಿಬಿಟ್ಟರೆ ತನಗೇನು ಉಳೀತು ಅನ್ನಿಸ್ತಂತೆ. ಒಂದೇ ಒಂದು ಬೊಟ್ಟು ಇಟ್ಟು ಕೊಟ್ಟಳು.

"ಹಕ್ಕಿಗೇನು ಎಣಿಸೋಕೆ ಬರುತ್ತಾ? ಉಟ್ಕೋ ತಂಗಿ," ಅಂದಳು.

ನೀಲವ್ವ ಉಟ್ಟಳು, ಹಾರಿದಳು. ಹಕ್ಕಿಗಳು ಅವಳನ್ನೂ ಕಂಡು ಮುಖ ತಿರುಗಿಸಿದವು. ಅವಳು ಬದುಕಿದಳು, ಮೈ ತುಂಬಿಕೊಂಡಳು.

ಹೀಗಿರುವಾಗ ಕವಲು ಬಾಲದ ಕಾಜಾಣ ಹಕ್ಕಿ ಬಂದು ಎಕ್ಕದ ಮೇಲೆ ಕೂತನಂತೆ.

"ಕೆಂಚವ್ವ, ನಿನ್ನ ಕುಲದಲ್ಲೆಲ್ಲ ಗೋಣಿಸೊಪ್ಪಿನ ಹತ್ತಿರ ಹಾರೋಳೇ ಚೆಲುವೆ. ಆ ಸೀರೆ ಅವಳಿಗೊಪ್ಪಿದಂಗೆ ಇನ್ಯಾರಿಗೂ ಒಪ್ಪಲ್ಲ ಬಿಡು," ಅಂದ.

ಕೆಂಚವ್ವನ ಹೊಟ್ಟೆಯೊಳಗೆ ಕಿಚ್ಚೆದ್ದಿತು. ಯೋಚನೆಗಿಂತ ಮೊದಲೇ ಮಾತು ಹೊರಬಿತ್ತು.

"ಅವಳು ನಮ್ಮೋಳಲ್ಲ. ಸೀರೆ ನಾನು ಕೊಟ್ಟಿದ್ದು. ಬೇಕಾದರೆ ಕೆಳರೆಕ್ಕೆ ನೋಡು, ನಮಗೆ ಮೂರು ಬೊಟ್ಟು, ಅವಳಿಗೆ ಒಂದೇ."

ಕಾಜಾಣ ಎದ್ದು ಹೋದ.

ಅವನು ಗೋಣಿಸೊಪ್ಪಿನ ದಿಕ್ಕಿಗೆ ಹೋದದ್ದು ನೋಡಿದ ಮೇಲೆ ಕೆಂಚವ್ವನಿಗೆ ತಾನೇನು ಹೇಳಿಬಿಟ್ಟೆ ಅಂತ ಹೊಳೀತು. ಎದ್ದು ಬಿದ್ದು ಹಾರಿದಳು. ಹೋಗಿ ನೋಡಿದರೆ ಗೋಣಿಸೊಪ್ಪಿನ ಮೇಲೆ ಕಿತ್ತಳೆ ರೆಕ್ಕೆಯ ಚೂರೊಂದು ಬಿದ್ದಿದೆ, ಎಲೆಯಡಿ ಆಗಷ್ಟೇ ಇಟ್ಟ ಮೊಟ್ಟೆಗಳಿವೆ. ನೀಲವ್ವ ಇಲ್ಲ.

ಕೆಂಚವ್ವ ಎಕ್ಕದ ಗಿಡಕ್ಕೆ ವಾಪಸ್ ಹೋಗಲಿಲ್ಲವಂತೆ. ಅಲ್ಲೇ ಕಾದಳು. ಮೊಟ್ಟೆ ಒಡೆದವು, ಹುಳು ಬೆಳೆದವು, ಗೂಡು ಕಟ್ಟಿದವು. ಹೊರಬಂದವರಲ್ಲಿ ಇಬ್ಬರು ಹೆಣ್ಣುಮಕ್ಕಳು. ಇಬ್ಬರ ಮೈಮೇಲೂ ತಾಯಿಯ ಸೀರೆ, ಒಂದೇ ಬೊಟ್ಟು. ಕಾಜಾಣ ಮೇಲಿನ ಕೊಂಬೆಯಲ್ಲಿ ಕೂತು ಬೊಟ್ಟು ಎಣಿಸ್ತಿದ್ದ.

ಕೆಂಚವ್ವ ಬಾವಿಕಟ್ಟೆಗೆ ಹೋಗಿ ಕೆಮ್ಮಣ್ಣು ತಂದು ತನ್ನ ಎರಡು ಬೊಟ್ಟಿಗೆ ಬಳಿದುಕೊಂಡಳು. ಉಳಿದದ್ದು ಒಂದು. ಕಾಜಾಣನ ಕೊಕ್ಕಿನ ಮುಂದೆ ನಿಧಾನಕ್ಕೆ ಹಾರಿದಳು.

ಅವನು ಎರಗಿದ, ಕಚ್ಚಿದ, ಬಾಯಿ ಕಹಿಯಾಗಿ ಉಗುಳಿದ.

"ಥೂ! ಒಂದು ಬೊಟ್ಟಿನವಳೂ ಕಹಿಯೇ. ಇನ್ನು ಇವರ ಸಹವಾಸ ಬೇಡ," ಅಂತ ಕೊಕ್ಕು ಒರೆಸಿಕೊಂಡು, ತನ್ನ ಮರಿಗಳಿಗೂ ಅದನ್ನೇ ಹೇಳಿದನಂತೆ.

ಅರ್ಧ ರೆಕ್ಕೆ ಹರಿದು ಬಿದ್ದಿದ್ದ ಕೆಂಚವ್ವನ ಹತ್ತಿರ ಆ ಹೆಣ್ಣುಮಕ್ಕಳು ಬಂದರು.

"ದೊಡ್ಡವ್ವ, ನಮಗೋಸ್ಕರ ಇಷ್ಟು ಮಾಡಿದೆಯಲ್ಲ. ನಮ್ಮವ್ವ ಎಲ್ಲಿ?"

ಸುಳ್ಳು ಹೇಳಬಹುದಿತ್ತು. ಅವಳು ಹೇಳಲಿಲ್ಲ.

"ನನ್ನ ಬಾಯಿಂದ ಸತ್ತಳು ಮಕ್ಕಳೇ. ಅವಳ ಗುರುತು ಹಕ್ಕಿಗೆ ಹೇಳಿದವಳು ನಾನೇ."

ದೊಡ್ಡವಳು ಕೇಳಿ ಹಾರಿಹೋದಳು. ಚಿಕ್ಕವಳು ಒಂದು ಗಳಿಗೆ ಪಕ್ಕದಲ್ಲಿ ಕೂತಿದ್ದಳು. ಅಕ್ಕನ ಹಿಂದೆ ಅವಳೂ ಹೋದಳು.

ಅವರ ಮಕ್ಕಳು ಮೊಮ್ಮಕ್ಕಳು ಇವತ್ತಿಗೂ ಅದೇ ಸೀರೆಯಲ್ಲಿ ಹಾರ್ತಾರಂತೆ, ಹಕ್ಕಿಗಳು ಮುಟ್ಟೋದಿಲ್ಲವಂತೆ. ಅವರು ಬಿಸಿಲಲ್ಲಿ ಹಾರಿಕೊಂಡಿರಲಿ, ನಾವು ನೆರಳಲ್ಲಿ ಕೂತಿರೋಣ. ಹೇಳಿದ ನನ್ನ ಬಾಯಿಗೆ ನೀರು ಕೊಡಿ.