ಚುರುಕಪ್ಪ ವಿಮಾನ ಇಳಿಸಿದ್ದು

ಮುಂಗುಸಿಗೆ ವಿಮಾನ ಯಾಕೆ ಬೇಕಿತ್ತು ಎಂದು ನನ್ನನ್ನು ಕೇಳಬೇಡಿ ಮಕ್ಕಳೇ. ಅದಕ್ಕೆ ಬೇಕಿತ್ತು, ಅಷ್ಟೆ.

ಕಾಡಿನ ನಡುವೆ ಒಂದು ಕೆರೆ. ಅದರ ಪಕ್ಕದಲ್ಲಿ ಗುಡ್ಡದವರೆಗೂ ಚಾಚಿದ ಬಯಲು. ಆ ಬಯಲಿನಲ್ಲಿ ಮನುಷ್ಯರು ಯಾವ ಕಾಲದಲ್ಲೋ ಬಿಟ್ಟುಹೋದ ಪುಟ್ಟ ವಿಮಾನವೊಂದಿತ್ತು. ಕೊಕ್ಕರೆ ಸರಸಮ್ಮ ಅದರಲ್ಲಿ ರೆಕ್ಕೆಯಿಲ್ಲದವರಿಗೆ ಹಾರುವುದನ್ನು ಕಲಿಸುತ್ತಿದ್ದಳು.

ಅವಳ ಶಿಷ್ಯ ಮುಂಗುಸಿ ಚುರುಕಪ್ಪ. ಹೆಸರಿಗೆ ತಕ್ಕ ಹಾಗೆ ಚುರುಕೇ. ಯಾರ ಮಾತನ್ನೂ ಪೂರ್ತಿ ಕೇಳುವ ತಾಳ್ಮೆ ಮಾತ್ರ ಇರಲಿಲ್ಲ.

"ವಿಮಾನ ಯಾವಾಗಲೂ ಗಾಳಿಗೆ ಎದುರಾಗಿ ಇಳೀಬೇಕು ಕಣಪ್ಪ. ಗಾಳಿ ಬೆನ್ನಿಗಿದ್ದರೆ ನಿಲ್ಲೋದೇ ಇಲ್ಲ," ಎಂದಳು ಸರಸಮ್ಮ.

"ಗೊತ್ತು ಟೀಚರ್."

"ಗಾಳಿ ಎತ್ತ ಬೀಸ್ತಿದೆ ಅಂತ ಮೇಲಿಂದ ತಿಳಿಯೋದಕ್ಕೆ, ಕೆರೆ ಹತ್ತಿರದ ಕಂಬದ ಮೇಲೆ..."

"ಗೊತ್ತು, ಗೊತ್ತು! ನಾನೊಬ್ಬನೇ ಹಾರೋದು ಯಾವಾಗ?"

"ನಾಳೆ," ಎಂದು ಸರಸಮ್ಮ ನಿಟ್ಟುಸಿರು ಬಿಟ್ಟಳು.

ಆ ಶಾಲೆಯಲ್ಲೊಂದು ಪದ್ಧತಿಯಿತ್ತು. ಮೊದಲ ಸಲ ಒಬ್ಬರೇ ಹಾರಿ ಇಳಿದವರ ತಲೆಯ ಮೇಲೆ ಒಂದು ಕೊಡ ನೀರು ಸುರಿಯುತ್ತಿದ್ದರು. ಅದೇ ಪಾಸಾದ ಗುರುತು. ಮುಂದಿನ ಸರದಿಗೆ ಕಾದಿದ್ದ ಮೊಲ ಪುಟ್ನಂಜಿ ಆಗಲೇ ಕೊಡ ತುಂಬಿಟ್ಟಳು.

ಬೆಳಗಾಗುತ್ತಲೇ ಚುರುಕಪ್ಪ ಎಲ್ಲರಿಗಿಂತ ಮೊದಲು ಬಯಲಿಗೆ ಬಂದ. ಕಂಬದ ತುದಿಯಲ್ಲಿ ಕೆಂಪು ಬಿಳಿ ಪಟ್ಟೆಯ ಉದ್ದನೆಯದೇನೋ ಹೊರಳಾಡುತ್ತಿತ್ತು. ಇಷ್ಟು ದಿನ ಗಾಳಿಯಿಲ್ಲದೆ ಜೋತುಬಿದ್ದಿದ್ದ ಅದನ್ನು ಅವನು ಕಣ್ಣೆತ್ತಿಯೂ ನೋಡಿರಲಿಲ್ಲ.

"ಹಾವು!"

ಸರಸರ ಕಂಬ ಹತ್ತಿದ, ಕುತ್ತಿಗೆಗೇ ಬಾಯಿ ಹಾಕಿ ಕಿತ್ತು ಕೆಡವಿದ, ಪೊದೆಯೊಳಗೆ ತುರುಕಿದ. ಇಳಿದ ಮೇಲೆ ಹೇಳಿದರೆ ಒಂದೇ ದಿನ ಎರಡು ಶಹಬ್ಬಾಸ್ ಸಿಗುತ್ತದಲ್ಲ ಎಂದುಕೊಂಡ.

ಎಲ್ಲರೂ ಸೇರಿದರು. ವಿಮಾನ ಗುಡ್ಡದ ಕಡೆಯಿಂದ ಓಡಿ ಕೆರೆಯ ಮೇಲೆ ಚೆಂದವಾಗಿ ಏರಿತು. ಅಷ್ಟರಲ್ಲಿ ಗಾಳಿ ತಿರುಗಿತು. ಕೆರೆಯಿಂದ ಬೀಸುತ್ತಿದ್ದದ್ದು ಈಗ ಗುಡ್ಡದಿಂದ ಕೆರೆಯತ್ತ ಬೀಸತೊಡಗಿತು. ಇನ್ನು ಕೆರೆಯ ಕಡೆಯಿಂದ ಬಂದೇ ಇಳಿಯಬೇಕು.

ಸರಸಮ್ಮ ಕಂಬದತ್ತ ನೋಡಿದಳು. ಬರೀ ಕಂಬ! ಹುಡುಕಿದರೆ ಪೊದೆಯಲ್ಲಿ ಹರಿದ ಚೀಲ.

"ಅಯ್ಯೋ ನನ್ನ ಗಾಳಿಚೀಲ! ಆ ಮಗು ಈಗ ಹೇಗೆ ಇಳೀತಾನೆ?"

ಅವಳು ಚೀಲವನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು ಬಯಲಿನ ನಡುವೆ ಬಂದು ಕತ್ತೆತ್ತಿ ನಿಂತಳು. ಚೀಲ ಗಾಳಿ ತುಂಬಿಕೊಂಡು ಕೆರೆಯತ್ತ ಹಾರಾಡಿತು.

ಚುರುಕಪ್ಪ ಮೇಲಿನಿಂದ ನೋಡಿದ. "ಸತ್ತ ಹಾವು ಎದ್ದು ಬಂದು ಟೀಚರ್ ಬಾಯಿಗೇ ಕಚ್ಚಿದೆಯಲ್ಲಪ್ಪೋ! ಟೀಚರ್, ಬಂದೆ!"

ಗಾಳಿಯ ನೆನಪು ಯಾರಿಗಿದೆ? ಗುಡ್ಡದ ಕಡೆಯಿಂದಲೇ ನುಗ್ಗಿದ. ಚಕ್ರ ನೆಲ ಮುಟ್ಟಿತು. ಬ್ರೇಕ್ ಒತ್ತಿದ. ಬೆನ್ನಿಗಿದ್ದ ಗಾಳಿ ನಿಲ್ಲಲು ಬಿಡಬೇಕಲ್ಲ! ವಿಮಾನ ಸರಸಮ್ಮನನ್ನು ದಾಟಿತು, ಪುಟ್ನಂಜಿಯನ್ನು ದಾಟಿತು, ನೀರಿನ ಕೊಡವನ್ನೂ ದಾಟಿ ದುಡುಮ್ಮನೆ ಕೆರೆಗೆ ಬಿತ್ತು.

ಬಾಯಿ ತುಂಬ ಪಾಚಿ ತುಂಬಿಕೊಂಡು ಚುರುಕಪ್ಪ ದಡ ಹತ್ತಿದ. ಮೈ ಕೂಡ ಕೊಡವದೆ ಓಡಿಬಂದು ಚೀಲಕ್ಕೆ ಬಾಯಿ ಹಾಕಿದ.

"ಬಿಡೋ ಮಂಕೇ! ಅದು ಹಾವಲ್ಲ, ಗಾಳಿ ಎತ್ತ ಬೀಸುತ್ತೆ ಅಂತ ತೋರಿಸೋ ಚೀಲ. ನಿನ್ನೆ ನಾನು ಹೇಳೋಕೆ ಹೊರಟಿದ್ದು ಇದನ್ನೇ!"

"ಗೊತ್..." ಎಂದವನು ಅಲ್ಲಿಗೇ ನುಂಗಿಕೊಂಡ. ತಲೆ ತಗ್ಗಿಸಿ, "ಗೊತ್ತಿರಲಿಲ್ಲ ಟೀಚರ್," ಎಂದ. ಆ ಮಾತು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು.

ಸರಸಮ್ಮ ಅವನನ್ನು ರೆಕ್ಕೆಯೊಳಗೆ ಅವುಚಿಕೊಂಡಳು.

ಕೆಸರಲ್ಲಿ ಮೂತಿ ಹೂತಿದ್ದ ವಿಮಾನವನ್ನು ಪುಟ್ನಂಜಿ ಸಂಕಟದಿಂದ ನೋಡಿ, ಆಮೇಲೆ ಕೊಡದತ್ತ ತಿರುಗಿದಳು. "ಟೀಚರ್, ಇವನ ತಲೆ ಮೇಲೆ ಈ ನೀರು ಸುರೀಬೇಕಾ?"

"ಬೇಡಮ್ಮ. ಇವನು ಪಾಸಾಗಿಲ್ಲ. ಒದ್ದೆಯಾಗಿದ್ದಾನೆ, ಅಷ್ಟೆ."

ನೀತಿ: ಅರ್ಧ ಕೇಳಿ 'ಗೊತ್ತು' ಎನ್ನುವವನಿಗೆ, ಕೇಳದೆ ಬಿಟ್ಟ ಇನ್ನರ್ಧವೇ ಬೇಕಾಗಿ ಬರುತ್ತದೆ.