ಹುಲ್ಲಿನೊಳಗಿನ ಕೂಗು

“ಗುರುಗಳೇ, ಮನುಷ್ಯರು ಊರಿಗೊಂದು ಪದ್ಧತಿ ಯಾಕೆ ಕಟ್ಟಿಕೊಳ್ಳುತ್ತಾರೆ?” ಎಂದು ಮರುಳಯ್ಯ ಕೇಳಿದ.

ಮರುದಿನ ಅವನು ಗುಡ್ಡದ ಮೇಲಿನ ಒಂದು ಊರಿಗೆ ಹೋಗಿ ಅಲ್ಲಿನ ಮಠದಲ್ಲಿ ನೆಲೆಸಬೇಕಿತ್ತು. ಆ ಊರಿನವರು ಬೆಳಿಗ್ಗೆ ಬಾಗಿಲಲ್ಲಿ ನಿಂತು ‘ಕೂ’ ಎಂದು ಕೂಗದೆ ಕೆಲಸಕ್ಕೆ ಕೈಹಾಕುವುದಿಲ್ಲವೆಂದು ಕೇಳಿ ಅವನಿಗೆ ತಲೆ ಚಿಟ್ಟು ಹಿಡಿದಿತ್ತು. “ಹೋದ ಕೂಡಲೇ ಆ ಹುಚ್ಚು ಬಿಡಿಸುತ್ತೇನೆ” ಎಂದ.

ಗುರುಗಳಿಗೆ ನಗು ಬಂತು. “ಬಿಡಿಸುವೆಯಂತೆ, ಅವಸರವೇನು? ಮೊದಲು ಕತೆ ಕೇಳು.”

ಮರುಳಯ್ಯ ಕಾಲು ಮಡಚಿ ಕೂತು “ಹೂಂ” ಎಂದ.

“ಆ ಗುಡ್ಡಕ್ಕೆ ಮೊದಲು ನಾಲ್ಕು ದಿಕ್ಕಿನಿಂದ ಜನ ಬಂದರು. ಒಬ್ಬರ ದೇವರು ಇನ್ನೊಬ್ಬರಿಗೆ ಗೊತ್ತಿಲ್ಲ, ಒಬ್ಬರ ಸಾರು ಇನ್ನೊಬ್ಬರಿಗೆ ರುಚಿಸುವುದಿಲ್ಲ. ಎಲ್ಲಿ ನೋಡಿದರೂ ಆಳೆತ್ತರದ ಹುಲ್ಲು. ಅವರವರ ಪಾಲಿನದನ್ನು ಅವರವರು ಕೊಯ್ಯುತ್ತಿದ್ದರು. ಮಾತಿಲ್ಲ, ಕತೆಯಿಲ್ಲ.”

“ಹೂಂ.”

“ಅವರಲ್ಲೊಬ್ಬ ರೈತ. ತನ್ನಂಥ ಧೈರ್ಯಗಾರ ಇನ್ನಿಲ್ಲವೆಂದು ಮೀಸೆ ತಿರುವುವವನು. ಒಂದು ಬೆಳಿಗ್ಗೆ ಹುಲ್ಲಿನೊಳಗೆ ಏನೋ ಸರಸರ ಎಂದಿತು. ಹುಲಿಯೇ ಬಂತೆಂದು ಅವನ ಜೀವ ಬಾಯಿಗೆ ಬಂತು. ‘ಕಾಪಾಡಿ’ ಎಂದರೆ ಮಾನ ಹೋಗುತ್ತದೆ, ಸುಮ್ಮನಿದ್ದರೆ ಪ್ರಾಣ ಹೋಗುತ್ತದೆ. ‘ಕೂ’ ಎಂದ. ಪಕ್ಕದ ಹುಲ್ಲಿನಿಂದ ಒಬ್ಬ ಮುದುಕಿ ‘ಕೂ’ ಎಂದಳು. ಅಬ್ಬಾ, ಹೋದ ಜೀವ ಬಂದಂತಾಯಿತು. ಹುಲ್ಲು ಸರಿಸಿಕೊಂಡು ಹೊರಬಂದದ್ದು ಅವನದೇ ಎಮ್ಮೆ.”

ಮರುಳಯ್ಯ ನಕ್ಕುಬಿಟ್ಟ. “ಹೂಂ, ಆಮೇಲೆ?”

“ಮುದುಕಿ ಬಂದು ‘ಯಾಕಪ್ಪ ಕೂಗಿದೆ?’ ಎಂದಳು. ‘ನಮ್ಮ ಕಡೆ ಕುಡುಗೋಲು ಹಿಡಿಯುವ ಮುಂಚೆ ಹೀಗೆ ಕೂಗುವುದು ಪದ್ಧತಿ ಕಣಮ್ಮ’ ಎಂದ. ಅವಳೂ ನಡುಗುತ್ತಿದ್ದಳು. ‘ನಮ್ಮ ಕಡೆಯೂ ಅಷ್ಟೇ, ಕೂಗಿದವರಿಗೆ ಓಗೊಡದಿದ್ದರೆ ಒಳ್ಳೆಯದಾಗುವುದಿಲ್ಲ’ ಎಂದಳು. ಮರುದಿನ ಇಬ್ಬರೂ ಕೂಗಿದರು. ಆಚೆ ಪಾಲಿನವನು ತಾನೇಕೆ ಹೊರಗುಳಿಯಲಿ ಎಂದು ತಾನೂ ಕೂಗಿದ. ಹಾಗೇ ಗುಡ್ಡವೆಲ್ಲ ಕೂಗಿತು. ಬರಬರುತ್ತಾ ಮದುವೆಯಲ್ಲೂ ಗಂಡಿನವರು ಕೂಗಿ ಹೆಣ್ಣಿನವರು ಓಗೊಟ್ಟರೇನೇ ತಾಳಿ ಎಂದಾಯಿತು. ಹುಲ್ಲು ಹೋಗಿ ಊರಾಯಿತು.”

“ಹೂಂ.”

“ಆ ಊರಿಗೊಬ್ಬ ವ್ಯಾಪಾರಿ ಬಂದ. ನಿನ್ನಂಥ ಬುದ್ಧಿವಂತ. ಹುಲಿಯೆಂದು ಎಮ್ಮೆಗೆ ಹೆದರಿದ ಕತೆ ಹೇಗೋ ಅವನ ಕಿವಿಗೆ ಬಿದ್ದಿತ್ತು. ‘ಹುಲ್ಲೇ ಇಲ್ಲ, ಯಾವ ಹುಲಿಗೆ ಹೆದರಿ ಕೂಗುತ್ತೀರಿ?’ ಎಂದು ನಕ್ಕ. ಅವನು ಯಾರನ್ನೂ ಕೂಗಲಿಲ್ಲ, ಅವನಿಗೆ ಯಾರೂ ಓಗೊಡಲಿಲ್ಲ. ಒಂದು ಸಲ ಜ್ವರ ಬಂದು ಮಲಗಿದ. ನೀರು ಕೊಡುವವರಿಲ್ಲ. ಬೆಳಗಾಯಿತು, ಮನೆಮನೆಯಿಂದ ಕೂಗು ಕೇಳಿತು. ತಾನೊಬ್ಬನೇ ಹೊರಗೆ ಉಳಿದೆನಲ್ಲ ಎಂದು ಅವನಿಗೆ ಅಳು ಬಂತು. ನಾಚಿಕೆ ಬಿಟ್ಟು ಮೆಲ್ಲಗೆ ‘ಕೂ’ ಎಂದ. ಊರಿಗೆ ಊರೇ ಓಗೊಟ್ಟಿತು. ಗಂಜಿ ಹಿಡಿದು ಬಂದವರಿಗೆ ಅವನ ಮನೆಯಲ್ಲಿ ನಿಲ್ಲಲು ಜಾಗ ಸಾಲಲಿಲ್ಲ.”

“ಹೂಂ” ಎಂದ ಮರುಳಯ್ಯ. ಆದರೂ ಸೋಲಲು ಮನಸ್ಸಿಲ್ಲ. “ಅವರು ಪಾಪ, ಒಂಟಿಯಾಗಲು ಹೆದರುವ ಜನ. ನಾನು ಅಂಥದಕ್ಕೆಲ್ಲ ಸಿಕ್ಕುವವನಲ್ಲ.”

ಗುರುಗಳು ಎದ್ದು ಶಲ್ಯ ಕೊಡವಿ ಹೆಗಲಿಗೆ ಹಾಕಿಕೊಂಡರು.

“ಸರಿ ಮಗನೇ, ನಾನು ಕತೆ ಹೇಳುವಾಗ ನೀನು ಯಾವ ಹುಲಿಗೆ ಹೆದರಿ ಹೂಂ ಹೂಂ ಎನ್ನುತ್ತಿದ್ದೆ?”

ಮರುಳಯ್ಯ ಬಾಯಿ ತೆರೆದ. ಹೊರಬಂದದ್ದು ಮತ್ತೆ “ಹೂಂ.”