ನಾಲ್ಕನೆಯ ಮಹಡಿಯ ಕಿಟಕಿಗಳು

"ಗುರುಗಳೇ, ಓದುಗರು ನೋಡದೇ ಇರುವುದನ್ನೂ ನಾವು ನೋಡಿಯೇ ಬಿಡಿಸಬೇಕೆ?"

ಕೇಳಿದವನು ಚಿತ್ರಶಾಲೆಯ ಶಿಷ್ಯ ಇಂದುಧರ. ಅವನು ಒಂದು ಕಾಮಿಕ್ಸ್ ಪುಟ ಬಿಡಿಸುತ್ತಿದ್ದ. ಮುಂದೆ ಓಡುತ್ತಿರುವ ಒಬ್ಬ ಕಳ್ಳ, ಹಿಂದೆ ಆಕಾಶದ ಅಂಚಿನವರೆಗೂ ನಗರ. ಕಳ್ಳನಿಗೆ ಒಂದು ಗಂಟೆ ಸಾಕಾಗಿತ್ತು. ನಗರಕ್ಕೆ ಎಂಟು ದಿನ ಕಳೆದಿದ್ದರೂ ಅರ್ಧ ಹಾಗೆಯೇ ಉಳಿದಿತ್ತು.

"ಓದುಗ ಕಳ್ಳನನ್ನು ನೋಡುತ್ತಾನೆ, ಪುಟ ಮಗುಚುತ್ತಾನೆ. ಹಿಂದಿನ ಕಟ್ಟಡದ ಕಿಟಕಿಗಳನ್ನು ಯಾರು ಎಣಿಸುತ್ತಾರೆ? ಕೆಳಗಿನ ಎರಡು ಸಾಲು ಸರಿಯಾಗಿ ಬಿಡಿಸಿದರೆ ಮೇಲಿನವೂ ಹಾಗೆಯೇ ಇರುತ್ತವಲ್ಲ."

ಗುರುಗಳು ಅವನ ಹಾಳೆಯನ್ನು ನೋಡಿದರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಚಿತ್ರಗಾರನಿದ್ದ. ಅವನೂ ಕಾಮಿಕ್ಸ್‌ಗೆ ನಗರ ಬಿಡಿಸುತ್ತಿದ್ದ. ಕಲ್ಪಿಸಿ ಬಿಡಿಸುವುದು ಅವನಿಗೆ ಒಪ್ಪಿಗೆಯಾಗುತ್ತಿರಲಿಲ್ಲ. ಮೇಜನ್ನು ಕಿಟಕಿಗೆ ಎದುರಾಗಿ ಹಾಕಿಕೊಂಡು, ಹೊರಗೆ ಕಾಣುವ ನಗರವನ್ನೇ ಬಿಡಿಸುತ್ತಿದ್ದ. ಎದುರಿಗೆ, ಎರಡು ಬೀದಿಗಳ ಆಚೆ, ಒಂದು ಸಿದ್ಧ ಉಡುಪಿನ ಕಾರ್ಖಾನೆ ಇತ್ತು. ಅವನ ಹೆಂಡತಿ ಅಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದಳು, ನಾಲ್ಕನೆಯ ಮಹಡಿಯಲ್ಲಿ. ಆ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು.

ಕಟ್ಟಡ ಬಿಡಿಸಲು ಅವನಿಗೊಂದು ಕ್ರಮವಿತ್ತು. ಹಾಳೆಯ ಆಚೆ ಮೇಜಿಗೆ ಒಂದು ಗುಂಡುಸೂಜಿ ಚುಚ್ಚಿ, ಅದಕ್ಕೆ ದಾರ ಕಟ್ಟುತ್ತಿದ್ದ. ದಾರವನ್ನು ಎಳೆದು ಹಿಡಿದರೆ, ದೂರಕ್ಕೆ ಸಾಗುವ ಗೋಡೆಯ ಗೆರೆ ಎಷ್ಟು ಓರೆಯಾಗಬೇಕೆಂದು ತಿಳಿಯುತ್ತಿತ್ತು. ಮೂರು ಮಹಡಿಗಳನ್ನು ಅವನು ನೋಡಿ ಬಿಡಿಸಿದ. ಅಷ್ಟು ಹೊತ್ತಿಗೆ ಅಳತೆ ಕೈಗೆ ಹತ್ತಿತ್ತು. ನಾಲ್ಕನೆಯದನ್ನು ಬಿಡಿಸುವಾಗ ತಲೆ ಎತ್ತಲಿಲ್ಲ. ದಾರ ಹಿಡಿದ, ಗೆರೆ ಎಳೆದ, ಕೆಳಗಿನ ಸಾಲಿನಂತೆಯೇ ಆರು ಕಿಟಕಿ ಇಟ್ಟ.

ಮರುದಿನ ಗುರುವಾರ. ಬೇರೆ ಗುರುವಾರಗಳಂಥದೇ ಒಂದು ಗುರುವಾರ. ಹೆಂಡತಿ ಊಟದ ಡಬ್ಬಿ ಕಟ್ಟಿಕೊಳ್ಳುತ್ತ ಹೇಳಿದಳು:

"ಅಲ್ಲಿ ಸೆಕೆ ತಡೆಯೋಕಾಗಲ್ಲ ರೀ. ಮಧ್ಯಾಹ್ನ ಆದರೆ ಉಸಿರೇ ಕಟ್ಟಿದ ಹಾಗಾಗತ್ತೆ."

"ಕಿಟಕಿ ಪಕ್ಕ ಜಾಗ ಕೇಳಿ ತಗೋ," ಎಂದ ಅವನು. ಪೆನ್ನು ಹಾಳೆಯ ಮೇಲೆಯೇ ಇತ್ತು.

ಅವಳು ನಕ್ಕಳು. "ಕಿಟಕಿಯಂತೆ! ಊರೆಲ್ಲ ನೋಡೋ ಕಣ್ಣು, ಹೆಂಡತಿ ಮಾತಾಡುವಾಗ ಒಂದ್ಸಲ ಮೇಲೆ ಎತ್ತಿದರೆ ಸವೆದುಹೋಗತ್ತಾ?"

"ನಾಳೆ ಪುಟ ಕೊಡಬೇಕು ಕಣೇ."

"ಕೊಡಿ ಕೊಡಿ. ಸಂಜೆ ಬಂದು ಹೇಳ್ತೀನಿ," ಎಂದು ಅವಳು ಚಪ್ಪಲಿ ಮೆಟ್ಟಿ ಹೋದಳು.

ಹನ್ನೊಂದು ಗಂಟೆಗೆ ಕಾರ್ಖಾನೆಯ ಕೆಳಮಹಡಿಯಲ್ಲಿ ಬಟ್ಟೆಯ ಗಂಟುಗಳಿಗೆ ಬೆಂಕಿ ಬಿತ್ತು. ಅವನು ಓಡಿದ. ತಲುಪುವ ಹೊತ್ತಿಗೆ ಅಗ್ನಿಶಾಮಕ ದಳದವರು ಬಂದಿದ್ದರು. ಮೆಟ್ಟಿಲು ಹೊಗೆಯಿಂದ ತುಂಬಿತ್ತು. ಕೆಳಗಿನ ಮೂರು ಮಹಡಿಯವರು ಹೊರಗೆ ಬಂದಿದ್ದರು, ನಾಲ್ಕನೆಯ ಮಹಡಿಯವರು ಮೇಲೆಯೇ ಉಳಿದಿದ್ದರು. ಹೊಗೆಯ ನಡುವೆ ಮೇಲಿನ ಗೋಡೆ ಕಾಣುತ್ತಿರಲಿಲ್ಲ. ಇದ್ದದ್ದು ಒಂದೇ ದೊಡ್ಡ ಏಣಿ.

ದಳದ ಮುಖ್ಯಸ್ಥ ಜನರ ಕಡೆ ತಿರುಗಿ ಕೂಗಿದ. "ಮೇಲೆ ಕಿಟಕಿ ಯಾವ ಕಡೆ ಇದೆ? ಗೊತ್ತಿರೋರು ಯಾರಾದ್ರೂ ಇದ್ದೀರೇನ್ರೀ?"

ಹೊರಗೆ ಬಂದವರು ಕೆಮ್ಮುತ್ತಿದ್ದರು. ಚಿತ್ರಗಾರ ಮುಂದೆ ಬಂದ.

"ನನಗೆ ಗೊತ್ತು. ಈ ಕಡೆ, ಬೀದಿಯ ಕಡೆ. ಆರು ಕಿಟಕಿ ಇವೆ."

"ಖಂಡಿತವಾ?"

"ಖಂಡಿತ. ನಾನು ಈ ಕಟ್ಟಡದ ಚಿತ್ರ ಬಿಡಿಸಿದ್ದೇನೆ."

ಏಣಿಯನ್ನು ಬೀದಿಯ ಕಡೆಗೆ ನಿಲ್ಲಿಸಿದರು. ಒಬ್ಬ ಹತ್ತಿದ. ಹೊಗೆಯೊಳಗೆ ಗೋಡೆಯನ್ನು ತಡವಿದ. ಎಡಕ್ಕೆ ತಡವಿದ, ಬಲಕ್ಕೆ ತಡವಿದ. ಮತ್ತೆ ಮೇಲಿನಿಂದ ಕೂಗಿದ: "ಬರೀ ಗೋಡೆ ಸಾರ್!"

ಏಣಿಯನ್ನು ಇಳಿಸಿ, ಗಾಡಿ ತಿರುಗಿಸಿ, ಹಿಂಬದಿಯ ಓಣಿಗೆ ಒಯ್ಯಲು ಒಂಬತ್ತು ನಿಮಿಷ ಹಿಡಿಯಿತು. ಅಲ್ಲಿ ಒಂದು ಕಿಟಕಿ ಇತ್ತು. ಅದರಿಂದ ಇಪ್ಪತ್ತಮೂರು ಹೆಂಗಸರನ್ನು ಇಳಿಸಿದರು. ಇಪ್ಪತ್ತಮೂರನೆಯವಳ ನಂತರ ಯಾರೂ ಬರಲಿಲ್ಲ.

ಆ ಇಪ್ಪತ್ತಮೂರನೆಯವಳು ಓಣಿಯ ನೆಲದ ಮೇಲೆ ಕುಳಿತಿದ್ದಳು. ಚಿತ್ರಗಾರ ಅವಳ ಹತ್ತಿರ ಹೋಗಿ ಹೆಂಡತಿಯ ಹೆಸರು ಹೇಳಿದ.

"ಸಾಲಿನಲ್ಲಿ ಅಕ್ಕ ನನ್ನ ಹಿಂದೆಯೇ ಇದ್ದಳು ಅಣ್ಣ," ಎಂದಳು ಅವಳು. "ನೀನು ಚಿಕ್ಕವಳು, ಮೊದಲು ಇಳಿ ಅಂದಳು."

ಬಿಸಿಲು ಬಿದ್ದರೆ ಬಟ್ಟೆಯ ಬಣ್ಣ ಮಾಸುತ್ತದೆಂದು ಮಾಲೀಕ ಬೀದಿಯ ಕಡೆಯ ಆ ಕಿಟಕಿಗಳನ್ನು ಹಿಂದಿನ ವರ್ಷವೇ ಇಟ್ಟಿಗೆಯಿಂದ ಮುಚ್ಚಿಸಿ, ಗಾರೆ ಬಳಿಸಿ, ಬಣ್ಣ ಹೊಡೆಸಿದ್ದ.

ಹತ್ತು ದಿನಗಳ ನಂತರ ಚಿತ್ರಗಾರ ತನ್ನ ಮೇಜಿನ ಮುಂದೆ ಕುಳಿತು ಹೊರಗೆ ನೋಡಿದ. ಕಟ್ಟಡ ಕಪ್ಪಾಗಿ ನಿಂತಿತ್ತು. ಮೂರು ಮಹಡಿಗೆ ಕಿಟಕಿಗಳಿದ್ದವು. ಅದರ ಮೇಲೆ ಗೋಡೆ. ಅವನ ಕುರ್ಚಿಯಿಂದ ಅದು ಸ್ಪಷ್ಟವಾಗಿ ಕಾಣುತ್ತಿತ್ತು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಇಂದುಧರ ಕೇಳಿದ:

"ಆ ಪುಟ ಏನಾಯಿತು ಗುರುಗಳೇ?"

"ಪತ್ರಿಕೆಯವರು ಬಂದು ತೆಗೆದುಕೊಂಡು ಹೋದರು. ಅಚ್ಚಾಯಿತು," ಎಂದರು ಗುರುಗಳು. "ಕಿಟಕಿಗಳು ತಪ್ಪೆಂದು ಇವತ್ತಿನವರೆಗೆ ಒಬ್ಬ ಓದುಗನೂ ಬರೆದಿಲ್ಲ."